ಸಹಾಯ ಬೇಕು: ದುಡ್ಡು ಕೊಟ್ಟು ಹಾಕಿಸಿದ ಬ್ಯಾಕ್‌ಲಿಂಕ್‌ಗಳನ್ನು ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ನಾವು ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತೇವೆ. ವೆಬ್‌ಸೈಟ್ ಇದೆ, ಆದರೆ ಗೂಗಲ್‌ನಿಂದ ದಿನಕ್ಕೆ 10 ಜನ ಬಂದರೆ ಜಾಸ್ತಿ. ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್ (ಅದೇ ಬ್ಯಾಕ್‌ಲಿಂಕ್) ಬಂದರೆ ಮೇಲೆ ಬರುತ್ತೀರಿ ಅಂತ ಒಬ್ಬರು ಹೇಳಿದರು, ₹6,000 ಕೊಟ್ಟೆ, ಒಂದೇ ವಾರದಲ್ಲಿ 500 ಲಿಂಕ್ ಹಾಕಿಸಿದರು. ಅಗ್ಗಕ್ಕೆ ಸಿಕ್ಕಿತು ಅಂತ ಖುಷಿ ಬೇರೆ!

ಮೊನ್ನೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ಲಿಂಕ್ಸ್ ಪುಟ ತೆರೆದರೆ ಜೂಜಾಟದ ಸೈಟು, ಯಾವುದೋ ಭಾಷೆಯ ಕಾರು ಬಿಡಿಭಾಗದ ಸೈಟು, ಎಲ್ಲದರಲ್ಲೂ ಒಂದೇ ಸಾಲು: ‘ಬೆಸ್ಟ್ ರಸಂ ಪೌಡರ್ ಬ್ಯಾಂಗಲೋರ್’. ಹಪ್ಪಳಕ್ಕೂ ಬ್ರೇಕ್ ಪ್ಯಾಡಿಗೂ ಏನು ಸಂಬಂಧ ಹೇಳಿ. ರ‍್ಯಾಂಕ್‌ಗೋಸ್ಕರ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ, 2012ರಲ್ಲಿ ಪೆಂಗ್ವಿನ್ ಅನ್ನೋ ಸರ್ಚ್ ಅಪ್‌ಡೇಟ್ ತಂದಿದ್ದೇ ಇಂಥವನ್ನು ಹಿಡಿಯಲು ಅಂತ ಆಮೇಲೆ ಓದಿದೆ.

ತೆಗೆಸಿ ಅಂತ ಕೇಳಲು ಫೋನ್ ಮಾಡಿದರೆ ಆ ಮನುಷ್ಯ ಎತ್ತುತ್ತಿಲ್ಲ. ಕೆಲವು ಸೈಟ್‌ಗಳಿಗೆ ಮೇಲ್ ಹಾಕಿದೆ, ವಾಪಸ್ ಬಂತು. ಸರ್ಚ್ ಕನ್ಸೋಲ್‌ನ ಮ್ಯಾನುಯಲ್ ಆಕ್ಷನ್ಸ್ ಪುಟದಲ್ಲಿ (ಗೂಗಲ್‌ನವರು ಸೈಟ್ ಮೇಲೆ ಕ್ರಮ ತೆಗೆದುಕೊಂಡಿದ್ದರೆ ತಿಳಿಸುವ ಜಾಗ) ಮಾತ್ರ ಏನೂ ಸಮಸ್ಯೆ ಇಲ್ಲ ಅಂತಲೇ ತೋರಿಸುತ್ತಿದೆ.

ತಲೆ ಕೆಟ್ಟಿರುವುದು ಇಲ್ಲೇ. ಡಿಸವೋ ಫೈಲ್ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಕೊಡುವ ಪಟ್ಟಿ) ಹಾಕು ಅಂತಾನೆ ತಮ್ಮ. ಹೆಚ್ಚಿನ ಸೈಟ್‌ಗಳಿಗೆ ಅದು ಬೇಕಾಗಿಲ್ಲ, ತಪ್ಪಾಗಿ ಬಳಸಿದರೆ ನಿಮಗೇ ನಷ್ಟ ಅಂತ ಗೂಗಲ್ಲೇ ಬರೆದಿದೆ. ಆದರೆ ನಮ್ಮದು ತಾನಾಗಿ ಬಂದ ಕಸ ಅಲ್ಲ, ನಾನೇ ಕೊಂಡಿದ್ದು. ಅಡುಗೆ ಬರೆಯುವವರು ಇಬ್ಬರು ಪುಡಿ ಇಷ್ಟವಾಗಿ ಸುಮ್ನೆ ಕೊಟ್ಟ ಒಳ್ಳೆ ಲಿಂಕ್‌ಗಳೂ ಇವೆ, ಅವು ಹೋಗಬಾರದು ಅಲ್ವಾ.

ನೋಟಿಸ್ ಬರದಿದ್ದರೂ ಕೊಂಡ ಲಿಂಕ್‌ಗಳನ್ನಷ್ಟೇ ಈಗಲೇ ಡಿಸವೋ ಮಾಡಬೇಕಾ, ಇಲ್ಲ ಹಾಗೇ ಬಿಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.