ಹಳೇ ಕಾಲುವೆಯ ಲಾಕ್ ಉಳಿಸಿಕೊಳ್ಳಲು ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹಾಳುಗಾಲುವೆ (ಪ್ರಶ್ನೆ):
ಹಳೆಯ ದೋಣಿ ಕಾಲುವೆಯ ಒಂದು ತುಂಡು ನಮ್ಮ ಇತಿಹಾಸ ಸಂಘದ ಸುಪರ್ದಿಗೆ ಬಂದಿದೆ. ಕಲ್ಲು ಕಟ್ಟಿದ ಲಾಕ್ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಕದಗಳಿರುವ ತೊಟ್ಟಿ), ಅರ್ಧ ಕೊಳೆತ ಮರದ ಕದಗಳು, ಗೋಡೆಯಲ್ಲಿ ಬೇರುಬಿಟ್ಟ ಗಿಡಗಳು, ಸೊಂಟದುದ್ದ ನಿಂತ ನೀರು. ಜೊತೆಗೆ ಒಂದು ಪೆಟ್ಟಿಗೆ ತುಂಬ ನಕ್ಷೆಗಳು, ಕೆಲವು ಬ್ಲೂಪ್ರಿಂಟ್. ನೀರು ಪಂಪ್ ಮಾಡಿ, ಗಿಡ ಕಿತ್ತು, ಸಂದುಗಳಿಗೆ ಸಿಮೆಂಟ್ ತುಂಬಿ ಒಂದೇ ಬೇಸಿಗೆಯಲ್ಲಿ ಮುಗಿಸೋಣ ಅಂತ ಸದಸ್ಯರ ಯೋಚನೆ. ಈ ಕ್ರಮ ಸರಿಯೇ?

ಕರಣೆ:
ಮೂರೂ ಬೇಡ. ಅದರಲ್ಲೂ ಪಂಪನ್ನು ಇವತ್ತೇ ನಿಲ್ಲಿಸಿ.

ಲಾಕಿನೊಳಗಿನ ನೀರು ಗೋಡೆಗೆ ಊರುಗೋಲಿದ್ದ ಹಾಗೆ. ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಒಳಗಿನ ನೀರನ್ನು ಸರ್ರನೆ ತೆಗೆದರೆ ಆ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಇಳಿಸಲೇಬೇಕಾದರೆ ಮೊದಲು ಗೋಡೆಯ ಬಸಿಗಂಡಿಗಳಲ್ಲಿ (ಹಿಂದಿನ ಮಣ್ಣಿನ ನೀರು ಬಸಿದು ಹೋಗುವ ತೂತುಗಳಲ್ಲಿ) ಕಟ್ಟಿಕೊಂಡದ್ದನ್ನು ಬಿಡಿಸಿ, ಗೋಡೆಗೆ ಗುರುತು ಹಾಕಿ, ವಾಲುತ್ತಿದೆಯೇ ಎಂದು ಅಳೆಯುತ್ತಾ ನಿಧಾನವಾಗಿ ಇಳಿಸಿ.

ಎರಡನೆಯದು ಕಾಲುವೆಯ ತಳ. ನೀರು ಇಂಗದಿರಲು ಜೇಡಿಮಣ್ಣನ್ನು ನೀರು ಹಾಕಿ ತುಳಿದು, ಪದರ ಪದರವಾಗಿ ಹಾಸುತ್ತಿದ್ದರು. 1761ರಲ್ಲಿ ತೆರೆದ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಕಾಲುವೆಯಲ್ಲಿ ಜೇಮ್ಸ್ ಬ್ರಿಂಡ್ಲಿ ಬಳಸಿದ್ದೂ ಇದನ್ನೇ. ಈ ಹಾಸು ಒಮ್ಮೆ ಒಣಗಿ ಬಿರಿದರೆ ಮತ್ತೆ ನೀರು ಬಿಟ್ಟ ಮಾತ್ರಕ್ಕೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಕದದ ಬುಡ ಒತ್ತಿ ನಿಲ್ಲುವ, ನೀರಲ್ಲಿ ಮುಳುಗಿದ ಮರದ ಹೊಸ್ತಿಲಿಗೂ ಅದೇ ಗತಿ: ನೀರಡಿ ಗಾಳಿಯಿಲ್ಲದೆ ಉಳಿದದ್ದು ಹೊರಗೆ ಬಂದು ಒಣಗಿದರೆ ಸುಕ್ಕಿ ಸೀಳುತ್ತದೆ.

ದಪ್ಪ ಬೇರನ್ನು ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಬುಡ ಕತ್ತರಿಸಿ ಚಿಗುರದಂತೆ ನೋಡಿಕೊಳ್ಳಿ. ಸತ್ತ ಬೇರು ಕೊಳೆತ ಮೇಲೆ ಒಳಗೆ ಪೊಳ್ಳು ಬೀಳುತ್ತದೆ, ಅದನ್ನು ಗಾರೆಯಿಂದ ತುಂಬಬೇಕು.

ಸಂದುಗಳಿಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಕಲ್ಲಿಗಿಂತ ಗಟ್ಟಿಯಾಗಿ ಕೂತರೆ ತೇವ ಸಂದಿನಿಂದ ಹೋಗದೆ ಕಲ್ಲಿನಿಂದ ಹೋಗುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಹೈಡ್ರಾಲಿಕ್ ಸುಣ್ಣ (ಒದ್ದೆಯಲ್ಲೂ ಗಟ್ಟಿಯಾಗುವ ಸುಣ್ಣ) 1 ಪಾಲು, ಚೂಪು ಕಣದ ಮರಳು ಎರಡೂವರೆಯಿಂದ 3 ಪಾಲು. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಒತ್ತಿ ತುಂಬಿ. ಆಮೇಲೆ ಕೆಲವು ದಿನ ಒದ್ದೆ ಗೋಣಿ ಹೊದಿಸಿಡಿ. ಬೇಗ ಒಣಗಿದ ಗಾರೆ ಬೆರಳಿಗೆ ಪುಡಿಯಾಗುತ್ತದೆ.

ತೂಬು:
ಕರಣೆಯವರ ಮಾತಿಗೆ ಒಂದು ತಿದ್ದುಪಡಿ. ಹಳೇ ಗಾರೆ ಸುಣ್ಣದ್ದೇ ಎಂದು ನೋಡದೆ ತೀರ್ಮಾನಿಸಬೇಡಿ. ಅಮೆರಿಕದ ಈರಿ ಕಾಲುವೆ ಕಟ್ಟುವಾಗ 1818ರಲ್ಲಿ ಕ್ಯಾನ್ವಾಸ್ ವೈಟ್ ನೀರಿನಡಿಯೂ ಗಟ್ಟಿಯಾಗುವ ನೈಸರ್ಗಿಕ ಸಿಮೆಂಟಿನ ಕಲ್ಲನ್ನು ಗುರುತಿಸಿದ. ಆಮೇಲೆ ಅಲ್ಲಿನ ಲಾಕ್‌ಗಳಿಗೆ ಅದೇ ಸಿಮೆಂಟ್. ಒಂದು ಚೂರು ಪರೀಕ್ಷೆಗೆ ಕಳಿಸಿ, ವರದಿ ಬಂದ ಮೇಲೆ ಗಾರೆ ಕಲಸಿ.

ಲಾಕಿನ ಅಳತೆಯೂ ಕಾಲ ಹೇಳುತ್ತದೆ. 1825ರಲ್ಲಿ ಮುಗಿದ ಈರಿಯ ಲಾಕ್ 90 ಅಡಿ ಉದ್ದ, 15 ಅಡಿ ಅಗಲ. 1836ರಲ್ಲಿ ಶುರುವಾದ ವಿಸ್ತರಣೆಯವು 110ಕ್ಕೆ 18. ನಿಮ್ಮದನ್ನೂ ಅಳೆದು ನಕ್ಷೆಯ ಜೊತೆ ಹೋಲಿಸಿ.

ಕದಗಳ ಮೇಲೆ ಅತಿ ಮೋಹ ಬೇಡ. ಓಕ್ ಮರದ ಕದಕ್ಕೆ ಸುಮಾರು 25 ವರ್ಷದ ಆಯಸ್ಸು, ನೀವು ನೋಡುತ್ತಿರುವುದು ಎಷ್ಟನೆಯದೋ! ಎರಡು ಕದ ಹರಿವಿಗೆ ಎದುರಾಗಿ ಕೂಡುವ ಕೋನ, ಕಬ್ಬಿಣದ ಪಟ್ಟಿ, ತಿರುಗುಗೂಟ ಕೂರುವ ಕಲ್ಲಿನ ತಗ್ಗು, ಇವನ್ನು ಅಳೆದಿಟ್ಟುಕೊಂಡರೆ ಹೊಸದು ಮಾಡಿಸಬಹುದು. ದೋಣಿ ಎಳೆಯುವ ಹಗ್ಗ ಉಜ್ಜಿ ಸೇತುವೆಯ ಮೂಲೆಗಲ್ಲಿನಲ್ಲಿ ಬಿದ್ದ ಗೀರುಗಳನ್ನು ಮಾತ್ರ ಯಾರೂ 'ಸರಿಮಾಡಿ' ಮುಚ್ಚದಂತೆ ಕಾವಲಿರಿ.

ಕಡತ:
ಕಲ್ಲಿಗೆ ಕೈಹಾಕುವ ಮುಂಚೆ ಫೋಟೋ. ಎಲೆ ಉದುರಿದ ಕಾಲದಲ್ಲಿ, ಮೋಡದ ಬೆಳಕಲ್ಲಿ, ಅಳತೆಪಟ್ಟಿ ಇಟ್ಟು, ಒಂದು ಚಿತ್ರ ಇನ್ನೊಂದರ ಮೇಲೆ 60ರಿಂದ 80 ಶೇಕಡಾ ಬರುವಂತೆ ತೆಗೆದರೆ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟಬಹುದು.

ನಕ್ಷೆಗಳ ವಿಷಯದಲ್ಲಿ ಬಹಳ ಜನ ಎಡವುವುದು ಇಲ್ಲಿ: 'ಆಮ್ಲರಹಿತ' ಎಂದು ತಂದ ಕವರಿನಲ್ಲಿ ಕ್ಷಾರ ಸೇರಿಸಿರುತ್ತಾರೆ. ಬೇರೆ ಕಾಗದಕ್ಕೆ ಒಳ್ಳೆಯದೇ, ಆದರೆ ಬ್ಲೂಪ್ರಿಂಟಿನ ನೀಲಿ ಕ್ಷಾರಕ್ಕೆ ಮಾಸುತ್ತದೆ. ಅವಕ್ಕೆ ಕ್ಷಾರ ಸೇರಿಸದ ತಟಸ್ಥ ಕಾಗದದ ಕವರೇ ಬೇಕು, ಬೆಳಕೂ ಆಗದು. ಬಟ್ಟೆಯ ಮೇಲಿನ ನಕ್ಷೆ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಅದರ ಗಂಜಿ ಕರಗಿ ಗೆರೆಯೂ ಹೋಗುತ್ತದೆ.

ಹಾಳುಗಾಲುವೆ:
ಪಂಪ್ ವಾಪಸ್ ಕಳಿಸಿದೆವು. ನಕ್ಷೆಗಳಲ್ಲಿ ಬಟ್ಟೆಯವು 4 ಇವೆ, ಸುರುಳಿ ಸುತ್ತಿವೆ. ಬಿಡಿಸಬಹುದೇ?

ಕಡತ:
ತಾನಾಗಿ ಬಿಚ್ಚಿದಷ್ಟೇ ಬಿಚ್ಚಿ. ತಡೆದರೆ ಅಲ್ಲಿಗೇ ನಿಲ್ಲಿಸಿ, ದಪ್ಪನೆಯ ಕೊಳವೆಗೆ ಹೊರಗಿನಿಂದ ಸುತ್ತಿ, ಸಂರಕ್ಷಣೆ ಬಲ್ಲವರಿಗೆ ತೋರಿಸಿ.