ಬಿ.ಎಸ್ಸಿ. ನರ್ಸಿಂಗ್ ಮುಗಿಯಿತು: ಆರ್‌ಎನ್ ನೋಂದಣಿಗೆ ಅರ್ಜಿ ಹಾಕುವ ಮೊದಲು ಏನೇನು ಸರಿಮಾಡಿಕೊಳ್ಳಬೇಕು?

ಪ್ರಶ್ನೆ: ಹೊಸ ಪದವೀಧರೆ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಕಳೆದ ತಿಂಗಳು ಬಂದು, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದೇನೆ. ಒಂದು ದೊಡ್ಡ ಆಸ್ಪತ್ರೆಯ ಸಂದರ್ಶನದಲ್ಲಿ ಆಯ್ಕೆಯೂ ಆಯಿತು. ಆದರೆ ನನ್ನ ಆರ್‌ಎನ್ (ನೋಂದಾಯಿತ ನರ್ಸ್) ನಂಬರ್ ಬರುವವರೆಗೆ ಟ್ರೇನಿ ಎಂದೇ ಇಟ್ಟುಕೊಂಡು ಸ್ಟೈಪೆಂಡ್ ಮಾತ್ರ ಕೊಡುವುದಾಗಿಯೂ, ನಂಬರ್ ಬಂದ ತಿಂಗಳಿನಿಂದ ಸ್ಟಾಫ್ ನರ್ಸ್ ಸಂಬಳ ಕೊಡುವುದಾಗಿಯೂ ಅಲ್ಲಿನವರು ಹೇಳಿದ್ದಾರೆ. ಆದ್ದರಿಂದ ಈ ಕೆಲಸ ಬೇಗ ಆಗಬೇಕಾಗಿದೆ.

ನನ್ನ ಸಂದೇಹಗಳು ಇವು. ನಮ್ಮೂರಿನ ಹತ್ತಿರದ ಪಟ್ಟಣದಲ್ಲಿ ಒಂದು ಕೋಚಿಂಗ್ ಕೇಂದ್ರದವರು, ನರ್ಸ್ ಆಗಲು ‘ಲೈಸೆನ್ಸ್ ಪರೀಕ್ಷೆ’ ಪಾಸಾಗಲೇಬೇಕೆಂದು ಹೇಳಿ ನಮ್ಮ ತಂದೆಯವರ ಬಳಿ 25 ಸಾವಿರ ರೂಪಾಯಿ ಕೇಳಿದ್ದಾರೆ. ಅಂಥ ಪರೀಕ್ಷೆ ನಿಜವಾಗಿಯೂ ಇದೆಯೇ? ಎರಡನೆಯದಾಗಿ, ಘಟಿಕೋತ್ಸವ ಮುಗಿದು ಪದವಿ ಪ್ರಮಾಣಪತ್ರ ಕೈಗೆ ಬರುವವರೆಗೆ ಕಾಯಬೇಕೇ, ಅಥವಾ ಪ್ರಾವಿಜನಲ್ ಸರ್ಟಿಫಿಕೇಟ್ ಸಾಕೇ? ಮೂರನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ತಂದೆಯ ಹೆಸರಿನ ಮೊದಲ ಅಕ್ಷರ ಮಾತ್ರ ಇದೆ. ಆಧಾರ್‌ನಲ್ಲಿ ನಮ್ಮ ಕಡೆಯ ರೂಢಿಯಂತೆ ತಂದೆಯ ಪೂರ್ಣ ಹೆಸರು ಮತ್ತು ಮನೆತನದ ಅಡ್ಡಹೆಸರು ಎರಡೂ ಇವೆ. ಇದರಿಂದ ಅರ್ಜಿ ತಿರಸ್ಕೃತವಾಗುತ್ತದೆಯೇ? ಕೊನೆಯದಾಗಿ, ಶುಲ್ಕದ ಬಾಕಿ ಸ್ವಲ್ಪ ಉಳಿದಿದೆ ಎಂಬ ಕಾರಣಕ್ಕೆ ಕಾಲೇಜಿನವರು ನನ್ನ ಮೂಲ ಅಂಕಪಟ್ಟಿಗಳನ್ನು ಕೊಟ್ಟಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ನರ್ಸಿಂಗ್ ಉಪನ್ಯಾಸಕಿ, ದಾವಣಗೆರೆ

ಮೊದಲು ಆ 25 ಸಾವಿರ ರೂಪಾಯಿಯನ್ನು ಉಳಿಸಿಕೊಳ್ಳಿ. ನಮ್ಮ ದೇಶದಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ನೋಂದಣಿಗಾಗಿ ಬೇರೆ ಪರೀಕ್ಷೆ ಇಲ್ಲ. ನೀವು ಹೊರಗಿನ ಪರೀಕ್ಷಕರ ಎದುರು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಪ್ರಾಯೋಗಿಕ ಪರೀಕ್ಷೆ ಕೊಟ್ಟಿದ್ದೀರಲ್ಲ, ಹೆರಿಗೆ ವಾರ್ಡಿನಲ್ಲಿ ಒಂದೊಂದು ಕೇಸಿಗೂ ಸಹಿ ಹಾಕಿಸಿಕೊಂಡು ಕೇಸ್ ಬುಕ್ ತುಂಬಿಸಿದ್ದೀರಲ್ಲ, ಅದನ್ನೇ ನೋಂದಣಿ ಮಾಡುವ ಶುಶ್ರೂಷಾ ಪರಿಷತ್ತು ಅರ್ಹತೆಯೆಂದು ಒಪ್ಪಿಕೊಳ್ಳುತ್ತದೆ. ಆ ಕೇಸ್ ಬುಕ್ಕಿನ ದೆಸೆಯಿಂದಲೇ ನಿಮಗೆ ಆರ್‌ಎನ್ ಜೊತೆಗೆ ಆರ್‌ಎಂ, ಅಂದರೆ ನೋಂದಾಯಿತ ಸೂಲಗಿತ್ತಿ ಎಂಬ ಅರ್ಹತೆಯೂ ಸಿಗುತ್ತದೆ. ಬಹುಶಃ ಆ ಕೋಚಿಂಗ್ ಕೇಂದ್ರದವರು ಅಮೆರಿಕದ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿರಬೇಕು. ಅದು ಬೇರೆಯೇ ವಿಷಯ.

ಆದರೆ ಪರೀಕ್ಷೆ ಇಲ್ಲವೆಂದ ಮಾತ್ರಕ್ಕೆ ತೇರ್ಗಡೆಯಾದ ದಿನವೇ ನೀವು ನೋಂದಾಯಿತ ನರ್ಸ್ ಆಗುವುದಿಲ್ಲ. ಪಠ್ಯಕ್ರಮವನ್ನೂ ಕನಿಷ್ಠ ಮಟ್ಟವನ್ನೂ ಗೊತ್ತುಪಡಿಸಲು 1947ರ ಕಾಯ್ದೆಯಡಿ ದೆಹಲಿಯಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಸ್ಥಾಪನೆಯಾಯಿತು. ಹೆಸರನ್ನು ಬರೆದುಕೊಳ್ಳುವ ರಿಜಿಸ್ಟರ್ ಇರುವುದು ಮಾತ್ರ ಆಯಾ ರಾಜ್ಯದ ಪರಿಷತ್ತಿನ ಕೈಯಲ್ಲಿ. ನಮ್ಮಲ್ಲಿ ಅದು 1961ರ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯಡಿ ನಡೆಯುವ, ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು. 2023ರಲ್ಲಿ ಸಂಸತ್ತು 1947ರ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಆದರೂ ಇವತ್ತಿನ ನಿಮ್ಮ ಅರ್ಜಿ ಹೋಗಬೇಕಾದ್ದು ರಾಜ್ಯದ ಪರಿಷತ್ತಿಗೇ.

ಪ್ರಾವಿಜನಲ್ ಸರ್ಟಿಫಿಕೇಟ್ ಬಂದ ಕೂಡಲೇ ಅರ್ಜಿ ಹಾಕುವುದು ವಾಡಿಕೆ. ಘಟಿಕೋತ್ಸವಕ್ಕೆ ಕಾಯುತ್ತ ಕುಳಿತರೆ ತಿಂಗಳುಗಳು ಸುಮ್ಮನೆ ಕಳೆದುಹೋಗುತ್ತವೆ. ಜನ್ಮದಿನಾಂಕಕ್ಕೆ ಎಸ್ಎಸ್ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ನರ್ಸಿಂಗ್‌ನ ಎಲ್ಲ ಅಂಕಪಟ್ಟಿಗಳು, ಪ್ರಾಂಶುಪಾಲರು ಸಹಿ ಮಾಡಿದ ಕೋರ್ಸ್ ಪೂರೈಸಿದ ಪ್ರಮಾಣಪತ್ರ, ಆಧಾರ್ ಮತ್ತು ಭಾವಚಿತ್ರ, ಇವು ಬೇಕಾಗುತ್ತವೆ. ಶುಲ್ಕವನ್ನು ಪರಿಷತ್ತಿನ ಜಾಲತಾಣದಲ್ಲಿ ನೀವೇ ಪಾವತಿಸಿ, ರಸೀದಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಕಾಲೇಜಿನ ಮೂಲಕ ‘ಒಟ್ಟಿಗೆ ಮಾಡಿಸಿಕೊಡುತ್ತೇವೆ’ ಎಂದು ಹಣ ಸಂಗ್ರಹಿಸುವವರಿಗೆ ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಸರಿನ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದನ್ನೇ ಆಧಾರವಾಗಿ ಹಿಡಿಯಿರಿ. ಅದನ್ನು ತಿದ್ದಿಸಬೇಕಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ಮಂಡಳಿಯವರೆಗೆ ಅಲೆಯಬೇಕು, ಆಮೇಲೆ ಪಿಯುಸಿ, ಆಮೇಲೆ ಪದವಿ, ಹೀಗೆ ಒಂದರ ಹಿಂದೆ ಒಂದು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಬದಲಿಸಲು ಅವಕಾಶವಿದೆ, ಅದಕ್ಕೆ ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಡಬಹುದು. ಆದ್ದರಿಂದ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸುವುದು ಸುಲಭ.

ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು ತಪ್ಪು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿಯೇ ಹೇಳಿದೆ. ಆದರೂ ಜಗಳದಿಂದ ಆರಂಭಿಸಬೇಡಿ. ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಲಗತ್ತಿಸಿ ವಿಶ್ವವಿದ್ಯಾಲಯದ ಕುಲಸಚಿವರಿಗೆ ಬರೆಯಿರಿ. ನನ್ನ ಸೇವಾವಧಿಯಲ್ಲಿ ನಾನು ಕಂಡಂತೆ, ಮುದ್ರೆ ಬಿದ್ದ ಕಾಗದ ಮೇಜಿನ ಮೇಲಿದ್ದಾಗ ಬೀರುವಿನ ಕೀಲಿಕೈ ಬೇಗ ಸಿಗುತ್ತದೆ.

ಉತ್ತರ: ರಿಯಾದ್‌ನಲ್ಲಿರುವ ಸ್ಟಾಫ್ ನರ್ಸ್, ಮೂಲತಃ ಹಾಸನದವಳು

ಮೇಡಂ ಅವರ ಮಾತಿಗೆ ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕಿಂತ ಮೊದಲು, ಟ್ರೇನಿ ಎಂದು ಸೇರುವ ಬಗ್ಗೆ.

ನಾನು ಫಲಿತಾಂಶ ಬಂದ ವಾರವೇ ಒಂದು ಆಸ್ಪತ್ರೆಗೆ ಸೇರಿ, ನೋಂದಣಿಯನ್ನು ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟಿದ್ದೆ. ಐಸಿಯುವಿನಲ್ಲಿ ಉಳಿದವರಷ್ಟೇ ಕೆಲಸ ಮಾಡಿದೆ, ರಾತ್ರಿ ಪಾಳಿಯನ್ನೂ ಮಾಡಿದೆ. ನಂಬರ್ ಕೈಗೆ ಬರುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಮುಂದೆ ಸೌದಿಗೆ ಬರಲು ಅರ್ಜಿ ಹಾಕಿದಾಗ ನನ್ನ ಪ್ರಮಾಣಪತ್ರಗಳನ್ನೆಲ್ಲ ಅವುಗಳ ಮೂಲದಲ್ಲಿಯೇ ಪರಿಶೀಲಿಸುವ ಡೇಟಾಫ್ಲೋ ಎಂಬ ಹಂತ ಬಂತು. ಕಾಲೇಜಿಗೂ ಆಸ್ಪತ್ರೆಗೂ ಪರಿಷತ್ತಿಗೂ ಪತ್ರ ಹೋಯಿತು. ನೋಂದಣಿಯ ದಿನಾಂಕಕ್ಕಿಂತ ಹಿಂದಿನ ಏಳು ತಿಂಗಳನ್ನು ಅನುಭವವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿಗೆ ಬೇಕಾಗಿದ್ದ ಎರಡು ವರ್ಷದ ಅನುಭವ ತುಂಬಿಸಲು ಮತ್ತೆ ಅದೇ ವಾರ್ಡಿನಲ್ಲಿ ಕಾದೆ. ಹಾಗಾಗಿ ಟ್ರೇನಿಯಾಗಿ ಸೇರಬೇಡಿ ಎನ್ನುವುದಿಲ್ಲ, ಮನೆಯ ಪರಿಸ್ಥಿತಿ ಯಾರಿಗೆ ಗೊತ್ತಿಲ್ಲ. ಆದರೆ ಅರ್ಜಿಯನ್ನು ಹಾಕಿದ ಮೇಲೆ ಸೇರಿ. ಆಸ್ಪತ್ರೆಯವರು ಕೊಡುವ ನೇಮಕಾತಿ ಪತ್ರದಲ್ಲಿ ಟ್ರೇನಿ ಅವಧಿ ಎಂದಿನಿಂದ ಎಂದಿನವರೆಗೆ ಎಂಬುದನ್ನು ಬರೆಸಿಕೊಳ್ಳಿ.

ದಿನಾಂಕದ ಈ ಪ್ರಶ್ನೆ ಹೊರದೇಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ದೇಶದ ಏಮ್ಸ್ ಸಂಸ್ಥೆಗಳಿಗೆ ಶುಶ್ರೂಷಾಧಿಕಾರಿಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೂ ನೋಂದಣಿ ಕಡ್ಡಾಯ. ನನ್ನ ತಂಗಿಯ ಸಹಪಾಠಿಯೊಬ್ಬಳು ಅರ್ಜಿಯ ಕೊನೆಯ ದಿನಾಂಕದೊಳಗೆ ನಂಬರ್ ಬಾರದೆ ಒಂದು ಇಡೀ ಸುತ್ತನ್ನು ಕಳೆದುಕೊಂಡಳು.

ಕೋಚಿಂಗ್‌ನವರು ಹೇಳಿದ್ದು ಎನ್‌ಕ್ಲೆಕ್ಸ್ ಇರಬೇಕು. ಅದು ಅಮೆರಿಕಕ್ಕೆ ಹೋಗುವವರು ಬರೆಯುವ ಪರೀಕ್ಷೆ. ಕೆನಡಾದ ಬಹುತೇಕ ಪ್ರಾಂತಗಳಲ್ಲಿಯೂ ಅದೇ. ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ನೀವು ಕೊಟ್ಟ ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆಯ ಮಟ್ಟ ಏರುತ್ತದೆ ಅಥವಾ ಇಳಿಯುತ್ತದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಮಾದರಿಯಲ್ಲಿ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, ಐದು ಗಂಟೆಯ ಅವಧಿ. ಬ್ರಿಟನ್ನಿಗೆ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ ಮತ್ತು ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ, ಕೊಲ್ಲಿ ದೇಶಗಳಿಗೆ ಸಾಮಾನ್ಯವಾಗಿ ಪ್ರೊಮೆಟ್ರಿಕ್ ಎಂಬ ಕಂಪ್ಯೂಟರ್ ಪರೀಕ್ಷೆ. ಇವುಗಳಲ್ಲಿ ಯಾವುದಕ್ಕೆ ಹೋದರೂ ನಿಮ್ಮ ನೋಂದಣಿ ನಿಜವೇ ಎಂದು ನಮ್ಮ ಪರಿಷತ್ತಿನಿಂದಲೇ ಖಾತ್ರಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಕೋಚಿಂಗ್ ಬೇಕಾದರೂ ಅದು ನೋಂದಣಿಯ ನಂತರದ ಮಾತು.

ಈಗ ಹೆಸರಿನ ವಿಷಯ. ಹೊರದೇಶದ ಆಸೆ ಒಂದಿಷ್ಟಾದರೂ ಇದ್ದರೆ, ಆಧಾರ್ ಬದಲಿಸುವ ಮೊದಲು ಪಾಸ್‌ಪೋರ್ಟ್ ಅನ್ನು ಯೋಚಿಸಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಂದರೆ ನಿಮ್ಮ ಆಧಾರ್‌ನಲ್ಲಿ ಈಗಿರುವ ಪೂರ್ಣ ಹೆಸರು ನಾಳೆ ಪಾಸ್‌ಪೋರ್ಟಿಗೆ ಅನುಕೂಲವೇ. ಅದನ್ನು ಮೊಟಕುಗೊಳಿಸಿ ಮತ್ತೆ ಹಿಗ್ಗಿಸಲು ಹೋದರೆ, ಇರುವ ಎರಡು ಅವಕಾಶವೂ ಅಲ್ಲಿಗೇ ಮುಗಿಯುತ್ತವೆ. ನಾನು ಮಾಡಿದ್ದು ಹೀಗೆ: ನೋಂದಣಿಯನ್ನು ಅಂಕಪಟ್ಟಿಯ ಹೆಸರಿನಲ್ಲಿಯೇ ಮಾಡಿಸಿ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವನ್ನು ಜೊತೆಗಿಟ್ಟೆ. ಆ ಒಂದು ಕಾಗದವನ್ನು ಇದುವರೆಗೆ ಎಷ್ಟು ಕಡೆ ತೋರಿಸಿದ್ದೇನೋ ಲೆಕ್ಕವಿಲ್ಲ.

ಉತ್ತರ: ಬ್ರದರ್ (ಪುರುಷ ನರ್ಸ್), ಮಂಗಳೂರು

ಎರಡು ಸಣ್ಣ ಸೇರ್ಪಡೆ. ಮೇಡಂ ಸೂಲಗಿತ್ತಿ ಎಂದು ಬರೆದಿರುವುದನ್ನು ಓದಿ ಹುಡುಗರು ಗಾಬರಿಯಾಗಬೇಕಾಗಿಲ್ಲ. ನಾವೂ ಅದೇ ಕೇಸ್ ಬುಕ್ ತುಂಬಿಸಿದ್ದೇವೆ, ನನ್ನ ಪ್ರಮಾಣಪತ್ರದಲ್ಲಿಯೂ ಆರ್‌ಎನ್ ಆರ್‌ಎಂ ಎಂದೇ ಇದೆ.

ಇನ್ನೊಂದು, ಕರ್ನಾಟಕದ ನೋಂದಣಿ ಇಟ್ಟುಕೊಂಡು ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಸೇರುವವರು ಅಲ್ಲಿನ ಪರಿಷತ್ತಿನಲ್ಲಿ ಮತ್ತೆ ಹೆಸರು ಬರೆಸಬೇಕಾಗುತ್ತದೆ, ಅದಕ್ಕೆ ಇಲ್ಲಿಂದ ನಿರಾಕ್ಷೇಪಣಾ ಪತ್ರ ಬೇಕು. ನಮ್ಮ ಊರಿನ ಕಾಲೇಜುಗಳಲ್ಲಿ ಓದಿ ಕೇರಳಕ್ಕೆ ಮರಳುವ ಗೆಳೆಯರಿಗೆ ಇದು ನಿತ್ಯದ ಪಾಡು. ನೋಂದಣಿ ಒಮ್ಮೆ ಮಾಡಿಸಿದರೆ ಶಾಶ್ವತವೂ ಅಲ್ಲ. ಭಾರತೀಯ ಪರಿಷತ್ತಿನ ನಿಯಮದ ಪ್ರಕಾರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಅವಧಿಯಲ್ಲಿ 150 ಗಂಟೆಯ ಮುಂದುವರಿದ ಕಲಿಕೆಯನ್ನು ತೋರಿಸಬೇಕು. ಮೊದಲ ಕಾರ್ಯಾಗಾರದ ಪ್ರಮಾಣಪತ್ರದಿಂದಲೇ ಒಂದು ಫೈಲ್ ಮಾಡಿಡಿ.

ಪ್ರಶ್ನೆ ಕೇಳಿದವರಿಂದ

ಮೇಡಂ, ಅಕ್ಕ, ಅಣ್ಣ, ಮೂವರಿಗೂ ಧನ್ಯವಾದ. ಕೋಚಿಂಗ್‌ನವರಿಗೆ ಬೇಡವೆಂದು ತಂದೆಯವರು ಇಂದೇ ಫೋನ್ ಮಾಡಿ ಹೇಳಿದರು. ಮನವಿಯ ಪತ್ರವನ್ನು ಸ್ವೀಕೃತಿಯ ಮುದ್ರೆಯೊಂದಿಗೆ ಕೊಟ್ಟು ಬಂದೆ; ಬಾಕಿಯ ಅರ್ಧವನ್ನು ಕಟ್ಟಿದ್ದರಿಂದಲೋ, ಮುದ್ರೆಯಿಂದಲೋ ತಿಳಿಯದು, ಅಂಕಪಟ್ಟಿಗಳು ಮೂರನೆಯ ದಿನ ಸಿಕ್ಕವು.

ಅವುಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಹರಡಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿಸಿದೆ. ಆಗ ಹೊಸದೊಂದು ಸಮಸ್ಯೆ ಕಂಡಿತು. ನನ್ನ ಹೆಸರಿನ ಕೊನೆಯ ‘ತಾ’ಕ್ಕೆ ನಮ್ಮ ಕಡೆ ಟಿ ಎಂಬ ಒಂದೇ ಅಕ್ಷರವನ್ನು ಬರೆಯುತ್ತಾರೆ, ಎಸ್ಎಸ್ಎಲ್‌ಸಿ ಮತ್ತು ಪಿಯುಸಿಯಲ್ಲಿ ಹಾಗೆಯೇ ಇದೆ. ಕಾಲೇಜಿನಲ್ಲಿ ಪ್ರವೇಶದ ದಿನ ನಮೂನೆ ತುಂಬಿದವರು ಬೆಂಗಳೂರಿನ ರೂಢಿಯಂತೆ ಟಿ ಪಕ್ಕದಲ್ಲಿ ಎಚ್ ಸೇರಿಸಿಬಿಟ್ಟಿದ್ದಾರೆ. ನಾಲ್ಕೂ ವರ್ಷದ ಅಂಕಪಟ್ಟಿಗಳಲ್ಲಿ ಆ ಎಚ್ ಹಾಗೆಯೇ ಬಂದಿದೆ, ನಾನು ಒಮ್ಮೆಯೂ ಗಮನಿಸಿರಲಿಲ್ಲ. ಪ್ರಾವಿಜನಲ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಈ ಒಂದು ಅಕ್ಷರಕ್ಕೂ ನೋಟರಿ ಪ್ರಮಾಣಪತ್ರ ಸಾಕೇ?

ಉತ್ತರ: ನಿವೃತ್ತ ನರ್ಸಿಂಗ್ ಉಪನ್ಯಾಸಕಿ, ದಾವಣಗೆರೆ

ಪಾಸ್‌ಪೋರ್ಟಿನ ವಿಷಯದಲ್ಲಿ ರಿಯಾದಿನ ತಂಗಿ ಹೇಳಿದ್ದೇ ಸರಿ. ಹೊರದೇಶಕ್ಕೆ ಹೋಗುವವರ ಕಷ್ಟ ನನ್ನ ಲೆಕ್ಕದಲ್ಲಿರಲಿಲ್ಲ. ನಿಮ್ಮ ಆಧಾರ್ ಈಗಿರುವಂತೆಯೇ ಇರಲಿ.

ಎಚ್ ವಿಷಯ ಮಾತ್ರ ಹಾಗಲ್ಲ. ಇನಿಷಿಯಲ್ ಬಿಡಿಸಿ ಬರೆದರೆ ಅದು ಅದೇ ಹೆಸರಿನ ವಿಸ್ತರಣೆ ಎಂದು ಯಾರಿಗಾದರೂ ಅರ್ಥವಾಗುತ್ತದೆ. ಕಾಗುಣಿತವೇ ಬೇರೆಯಾದರೆ ಕಂಪ್ಯೂಟರ್ ಅದನ್ನು ಇನ್ನೊಬ್ಬರ ಹೆಸರೆಂದೇ ನೋಡುತ್ತದೆ. ನೋಟರಿಯಿಂದ ಇಲ್ಲಿ ದಾಟಬಹುದು, ಆದರೆ ಪರಿಷತ್ತಿನ ರಿಜಿಸ್ಟರಿನಲ್ಲಿ ತಪ್ಪು ಕಾಗುಣಿತ ಕುಳಿತುಬಿಟ್ಟರೆ ಮುಂದಿನ ಪ್ರತಿ ನವೀಕರಣದಲ್ಲಿಯೂ ಅದು ನಿಮ್ಮ ಬೆನ್ನು ಹತ್ತುತ್ತದೆ. ಪ್ರಾವಿಜನಲ್ ಸರ್ಟಿಫಿಕೇಟ್ ಇನ್ನೂ ಮುದ್ರಣವಾಗಿಲ್ಲದಿರುವುದು ನಿಮ್ಮ ಅದೃಷ್ಟ. ಎಸ್ಎಸ್ಎಲ್‌ಸಿ ಅಂಕಪಟ್ಟಿಯ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ಹೆಸರಿನ ತಿದ್ದುಪಡಿಗಾಗಿ ಪ್ರಾಂಶುಪಾಲರ ಮುಖಾಂತರ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಈ ವಾರವೇ ಅರ್ಜಿ ಕೊಡಿ. ಜಯನಗರದಲ್ಲಿರುವ ವಿಶ್ವವಿದ್ಯಾಲಯದ ಕಚೇರಿಗೆ ನೀವೇ ಹೋಗುವುದಾದರೆ ನಾಲ್ಕೂ ವರ್ಷದ ಮೂಲ ಅಂಕಪಟ್ಟಿಗಳನ್ನು ಜೊತೆಗೆ ಒಯ್ಯಿರಿ, ಅವುಗಳ ಒಂದೊಂದು ನೆರಳಚ್ಚು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ. ಆಸ್ಪತ್ರೆಯವರಿಗೆ ತಿದ್ದುಪಡಿಯ ಅರ್ಜಿಯ ಪ್ರತಿಯನ್ನು ತೋರಿಸಿ, ಸೇರುವ ದಿನವನ್ನು ಸ್ವಲ್ಪ ಮುಂದಕ್ಕೆ ಹಾಕಲು ಕೇಳಿ ನೋಡಿ. ಒಪ್ಪದಿದ್ದರೆ ಟ್ರೇನಿಯಾಗಿಯೇ ಸೇರಿ.