2003, 2017ರ ಬರೋಲೊ, ಬ್ರುನೆಲ್ಲೊ: ಈಗ ತೆರೆಯಬೇಕೇ, ಇನ್ನೂ ಇಡಬೇಕೇ?

ಪ್ರಶ್ನೆ

ಬಿರುಬಿಸಿಲ ವರ್ಷಗಳ ಮೂರು ಬಗೆಯ ಇಟಲಿಯ ಕೆಂಪು ವೈನ್ ಬಗ್ಗೆ ಬಲ್ಲವರ ಸಲಹೆ ಬೇಕು. 2017ರ ಬರೋಲೊ (ಸೆರಲುಂಗ ದಾಲ್ಬಾ ಊರಿನದು), 2017ರ ಬ್ರುನೆಲ್ಲೊ ದಿ ಮೊಂಟಾಲ್ಚಿನೊ, ಜೊತೆಗೆ 2003ರ ಒಂದೇ ಒಂದು ಬರೋಲೊ. 2017ರ ಎರಡೂ ಲೇಬಲ್‌ಗಳಲ್ಲಿ ಆಲ್ಕೋಹಾಲ್ ಶೇ. 15 ಎಂದಿದೆ. ಬ್ರುನೆಲ್ಲೊದ ಒಂದು ಬಾಟಲಿ ತೆರೆದಾಗ ಮೂಗಿಗೆ ಘಾಟು, ಬಾಯಿಗೆ ಮೊದಲು ಮಾಗಿದ ಹಣ್ಣಿನ ಸಿಹಿ, ಕೊನೆಗೆ ವಸಡು ಒಣಗಿಸುವ ಒಗರು. ಈ ಒಗರು ವರ್ಷ ಕಳೆದಂತೆ ಇಳಿಯುತ್ತದೆಯೇ? 2003ರ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಬಣ್ಣ ಇಟ್ಟಿಗೆಯಂತೆ ಕಾಣುತ್ತದೆ. ಕೆಟ್ಟಿದೆ ಎಂದು ಅರ್ಥವೇ?

ಉತ್ತರ 1

ಮೊದಲು ಒಗರಿನ ಮಾತು, ಉಳಿದದ್ದಕ್ಕೆಲ್ಲ ಅದೇ ಬುಡ. ಬಿಸಿಲು ಹೆಚ್ಚಾದರೆ ಹಣ್ಣು ಹೆಚ್ಚು ಮಾಗುತ್ತದೆ ಎಂಬುದು ಅರ್ಧ ಸತ್ಯ. ಉಷ್ಣಾಂಶ 35 ಡಿಗ್ರಿ ದಾಟಿ, ನೆಲದಲ್ಲಿ ತೇವವೂ ಇಲ್ಲದಿದ್ದರೆ ಬಳ್ಳಿ ನೀರು ಉಳಿಸಿಕೊಳ್ಳಲು ಎಲೆಯ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಹಾರ ತಯಾರಿಕೆ ನಿಲ್ಲುತ್ತದೆ. ಅಷ್ಟರಲ್ಲಿ ಕಾಯಿಯೊಳಗಿನ ನೀರು ಆವಿಯಾಗಿ ಸಕ್ಕರೆ ಮಂದವಾಗುತ್ತದೆ, ಸಿಪ್ಪೆ ಮತ್ತು ಬೀಜದಲ್ಲಿರುವ, ಒಗರು ಕೊಡುವ ಟ್ಯಾನಿನ್ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಸಕ್ಕರೆ ಸಿದ್ಧ, ಟ್ಯಾನಿನ್ ಸಿದ್ಧವಿಲ್ಲ. ಕೊಯ್ಯದೆ ಕಾದರೆ ಆಲ್ಕೋಹಾಲ್ ಏರುತ್ತದೆ, ಹುಳಿ ಇಳಿಯುತ್ತದೆ. ಕಾಯದೆ ಕೊಯ್ದರೆ ಒಗರು ಉಳಿಯುತ್ತದೆ. 2003ರಲ್ಲಿ ಬೆಳೆಗಾರರು ಸಿಕ್ಕಿಕೊಂಡದ್ದು ಇಲ್ಲಿಯೇ. ಆ ಕಾಲದವರೆಗೆ ಬೆಳೆಗಾರರಿಗೆ ಭಯವಿದ್ದದ್ದು ತಂಪು, ಮಳೆಯ ವರ್ಷಗಳದ್ದು. ಗೊಂಚಲಿಗೆ ಬಿಸಿಲು ತಾಗಲೆಂದು ಸುತ್ತಲ ಎಲೆ ಕೀಳುವುದು ಅಭ್ಯಾಸವಾಗಿತ್ತು. ಆ ವರ್ಷ ಹಾಗೆ ಬಯಲಾದ ಗೊಂಚಲುಗಳು ಸುಟ್ಟುಹೋದವು.

ಒಗರಿನಲ್ಲಿ ಎರಡು ಬಗೆ. ನಾಲಿಗೆ, ಕೆನ್ನೆ, ಅಂಗುಳ ಎಲ್ಲ ಕಡೆ ಸಮನಾಗಿ ಹಿಡಿದು, ಜೊಲ್ಲು ಮತ್ತೆ ಊರಿಸುವ ಒಗರು ಮಾಗಿದ್ದು. ಅದು ಬಾಟಲಿಯಲ್ಲಿ ಇಳಿಯುತ್ತದೆ. ಮೇಲಿನ ವಸಡಿನ ಮೇಲೆ ಮಾತ್ರ ಸೀಮೆಸುಣ್ಣದ ಪುಡಿಯಂತೆ ಕೂತು, ನುಂಗಿದ ಮೇಲೂ ಒಣಗಿಸುತ್ತಲೇ ಇರುವುದು ಹಸಿ ಟ್ಯಾನಿನ್. ಇದನ್ನು ಕಾಯುವುದು ನಷ್ಟದ ಬಾಬತ್ತು: ಹಣ್ಣಿನ ತಿರುಳು ಮೊದಲು ಸೋಲುತ್ತದೆ, ಒಗರು ಒಂಟಿಯಾಗಿ ಉಳಿಯುತ್ತದೆ. ನಿಮ್ಮ ಬ್ರುನೆಲ್ಲೊ ಎರಡನೆಯ ಬಗೆಯದಾದರೆ ಮುಂದಿನ ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಿ.

ಆದರೆ ತೀರ್ಪು ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಶೇ. 15ರ ವೈನ್ 22 ಡಿಗ್ರಿಯಲ್ಲಿದ್ದರೆ ಎಂಥದ್ದಾದರೂ ಘಾಟು ಹೊಡೆಯುತ್ತದೆ. ಬಾಟಲಿಯನ್ನು 15 ಡಿಗ್ರಿಗೆ ತಂದು ಸುರಿಯಿರಿ, ಗ್ಲಾಸಿನಲ್ಲಿ ಅದು 17ಕ್ಕೆ ತಾನೇ ಏರುತ್ತದೆ. ಕೋಣೆಯ ಬಿಸಿಯಲ್ಲಿದ್ದ ಬಾಟಲಿಗೆ ಫ್ರಿಜ್ಜಿನಲ್ಲಿ 40 ನಿಮಿಷದಿಂದ ಒಂದು ಗಂಟೆ ಬೇಕಾಗುತ್ತದೆ. ಅತಿ ತಂಪೂ ಬೇಡ. 13ಕ್ಕಿಂತ ಕೆಳಗೆ ಘಾಟು ಅಡಗುತ್ತದೆ, ಒಗರು ಮಾತ್ರ ಇನ್ನಷ್ಟು ಚುಚ್ಚುತ್ತದೆ.

ಉತ್ತರ 2

2003ರ ಬಾಟಲಿಯ ಬಣ್ಣಕ್ಕೆ ಹೆದರಬೇಡಿ. ಬರೋಲೊ ಪೂರ್ತಿ ನೆಬ್ಬಿಯೋಲೊ ದ್ರಾಕ್ಷಿಯದು. ಅದರ ಬಣ್ಣದ ಕಣಗಳು ಸ್ವಭಾವದಲ್ಲೇ ಬೇಗ ಮಾಸುವಂಥವು, ಒಳ್ಳೆಯ ವರ್ಷದ್ದೂ ಹತ್ತು ವರ್ಷಕ್ಕೆ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೋಡಬೇಕಾದ್ದು ಬೇರೆ. ಬಾಟಲಿ ನಿಲ್ಲಿಸಿ ಮಟ್ಟ ನೋಡಿ: ಕುತ್ತಿಗೆಯೊಳಗೇ ಇದ್ದರೆ ಒಳ್ಳೆಯದು, ಭುಜದ ಮಧ್ಯಕ್ಕಿಳಿದಿದ್ದರೆ ಕಾರ್ಕ್ ಗಾಳಿ ಬಿಟ್ಟಿದೆ. ಬಣ್ಣದಲ್ಲಿ ಕೆಂಪಿನ ಎಳೆ ಕಂಡರೆ ಸಾಕು. ಹೊಳಪಿಲ್ಲದ ಕಂದು ಮತ್ತು ಕಲಕಿದ ನೋಟ, ಎರಡೂ ಸೇರಿದರೆ ಆಸೆ ಕಡಿಮೆ.

ತೆರೆಯುವ ಕ್ರಮ: ಒಂದು ದಿನ ಮೊದಲೇ, ಸಾಧ್ಯವಾದರೆ ಎರಡು ದಿನ ಮೊದಲೇ, ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕಿಳಿಯಬೇಕು. ಇಪ್ಪತ್ತು ವರ್ಷ ದಾಟಿದ ಕಾರ್ಕ್ ಸುರುಳಿ ಕೀಲಿಗೆ ಪುಡಿಯಾಗುವುದು ಸಾಮಾನ್ಯ. ಎರಡು ತೆಳು ಅಲಗುಗಳಿರುವ ಕೀಲಿಯನ್ನು ಕಾರ್ಕ್ ಮತ್ತು ಗಾಜಿನ ನಡುವೆ ಇಳಿಸಿ, ತಿರುಗಿಸುತ್ತ ಮೇಲೆತ್ತಿ. ಬಾಟಲಿ ಕುತ್ತಿಗೆಯ ಕೆಳಗೆ ಸಣ್ಣ ದೀಪ ಹಿಡಿದು ಒಂದೇ ಸಮನೆ ಸುರಿಯಿರಿ, ನಡುವೆ ಬಾಟಲಿ ನೆಟ್ಟಗೆ ಮಾಡಿದರೆ ಗಸಿ ಕದಡಿ ಕಷ್ಟಪಟ್ಟದ್ದೆಲ್ಲ ವ್ಯರ್ಥ. ಗಸಿಯ ಎಳೆ ಕುತ್ತಿಗೆಗೆ ಬಂದೊಡನೆ ನಿಲ್ಲಿಸಿ.

ಗಾಳಿಗೆ ಬಿಡುವ ವಿಚಾರದಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಹಳೆಯ ಬರೋಲೊ ಎಂದೊಡನೆ ನಾಲ್ಕು ಗಂಟೆ ಡಿಕ್ಯಾಂಟರಿನಲ್ಲಿ (ವೈನ್ ಸುರಿದಿಡುವ ಅಗಲ ತಳದ ಗಾಜಿನ ಹೂಜಿ) ಇಡುತ್ತಾರೆ. ಹುಳಿ ಗಟ್ಟಿಯಿರುವ ತಂಪು ವರ್ಷಕ್ಕೆ ಅದು ಸರಿ. ಹುಳಿ ತೆಳುವಾದ 2003 ಆ ಗಾಳಿಯನ್ನು ತಾಳದು, ಒಂದು ಗಂಟೆಯೊಳಗೆ ಒಣದ್ರಾಕ್ಷಿ, ಸೋಯಾ ಸಾಸ್ ವಾಸನೆಗೆ ಜಾರಬಹುದು. ಗಸಿ ಬೇರ್ಪಟ್ಟ ತಕ್ಷಣ ಬಡಿಸಿ, ಉಳಿದದ್ದು ಗ್ಲಾಸಿನಲ್ಲಿ ಅರಳಲಿ. 2017ರ ಬರೋಲೊಗೆ ಒಂದು ಗಂಟೆ ಡಿಕ್ಯಾಂಟರ್ ಧಾರಾಳ.

ಕುದುರೆ ಲಾಯದ ಅಥವಾ ಗಾಯದ ಪಟ್ಟಿಯ ವಾಸನೆ ಬಂದರೆ ಅದು ಬ್ರೆಟನೋಮೈಸಿಸ್ ಯೀಸ್ಟು. ಬಿಸಿ ವರ್ಷದಲ್ಲಿ ಅದರ ಕಾಟ ಹೆಚ್ಚುವುದಕ್ಕೆ ಕಾರಣವಿದೆ: ಹುಳಿ ಇಳಿದಂತೆ ಪಿಎಚ್ ಏರುತ್ತದೆ, 3.4 ಇದ್ದದ್ದು 3.7 ಆದರೆ ಅಷ್ಟೇ ಪ್ರಮಾಣದ ಸಲ್ಫರ್ ಡೈಆಕ್ಸೈಡಿಗೆ ವೈನನ್ನು ಕೆಡದಂತೆ ಕಾಪಾಡುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಗಾಳಿಗಿಟ್ಟರೂ ಆ ವಾಸನೆ ಹೋಗದು.

ಪ್ರಶ್ನೆ ಕೇಳಿದವರು

ವಿವರಕ್ಕೆ ಧನ್ಯವಾದ. ಹಾಗಾದರೆ ಬಿಸಿ ವರ್ಷದ ವೈನ್ ಕೊಳ್ಳುವುದೇ ಬೇಡವೇ? ಕೊಂಡರೆ ಲೇಬಲ್‌ನಲ್ಲಿ ಏನು ನೋಡಬೇಕು?

ಉತ್ತರ 3

ಹಾಗೆ ಸಾರಾಸಗಟಾಗಿ ಬಿಡಬೇಡಿ. 2003 ಮತ್ತು 2017ನ್ನು ಒಂದೇ ಬುಟ್ಟಿಗೆ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. 2017ರಲ್ಲಿ ಏಪ್ರಿಲ್ ಹಿಮ ಚಿಗುರು ಸುಟ್ಟಿತು, ಬೇಸಿಗೆಯಲ್ಲಿ ಬರ, ಆಗಸ್ಟ್ ಮೊದಲ ವಾರ ಇಟಲಿಯಲ್ಲಿ ಲುಚಿಫೆರೊ ಎಂದು ಹೆಸರಾದ ಬಿಸಿಗಾಳಿ. ಆದರೂ ಸೆಪ್ಟೆಂಬರ್‌ನಲ್ಲಿ ರಾತ್ರಿಗಳು ತಂಪಾದವು. ನೆಬ್ಬಿಯೋಲೊ ತಡವಾಗಿ ಮಾಗುವ ತಳಿ, ಆ ತಂಪು ಅದಕ್ಕೆ ದಕ್ಕಿತು. ಬೆಳೆಗಾರರೂ ಅಷ್ಟರಲ್ಲಿ ಪಾಠ ಕಲಿತಿದ್ದರು: ಎಲೆ ಉಳಿಸುವುದು, ಸಿಪ್ಪೆಯನ್ನು ರಸದಲ್ಲಿ ನೆನೆಸುವ ದಿನ ಕಡಿಮೆ ಮಾಡುವುದು, ಮೃದುವಾಗಿ ಕಲಕುವುದು. ಆದ್ದರಿಂದ ನಿಮ್ಮ ಸೆರಲುಂಗ ಬಾಟಲಿಗೆ ಅವಸರ ಬೇಡ. ಬ್ರುನೆಲ್ಲೊ ವಿಚಾರದಲ್ಲಿ ಉತ್ತರ 1ರ ಮಾತೇ ಸರಿ.

ವರ್ಷಕ್ಕಿಂತ ಮೊದಲು ನೆಲ ನೋಡಿ. ಲಾ ಮೊರ್ರಾ ಮತ್ತು ಬರೋಲೊ ಊರುಗಳ ನೀಲಿ-ಬೂದು ಸುಣ್ಣದ ಜೇಡಿಮಣ್ಣು ನೀರು ಹಿಡಿದಿಡುತ್ತದೆ. ಮರಳು ಹೆಚ್ಚಿರುವ ಜಾಗ ಬೇಗ ಬರಿದಾಗುತ್ತದೆ. ತಾನರೊ ನದಿಯಾಚೆಯ ರೊಯೆರೊ ಗುಡ್ಡಗಳ ಕಷ್ಟ ಅದೇ. ಹಿಮ ಮೊದಲು ಕರಗುವ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳೇ ಬರೋಲೊ ಬೆಳೆಯುವ ಲಾಂಗೆ ಗುಡ್ಡಗಳಲ್ಲಿ ಹಿಂದಿನಿಂದ ಬೆಲೆ ಬಾಳುವವು. ಆದರೆ ಬಿಸಿ ವರ್ಷದಲ್ಲಿ ಪೂರ್ವಕ್ಕೋ ಎತ್ತರಕ್ಕೋ ಇರುವ ತೋಟ ಹೆಚ್ಚು ರುಚಿಕಟ್ಟು. ಮೊಂಟಾಲ್ಚಿನೊದಲ್ಲೂ ಹೀಗೆಯೇ: ದಕ್ಷಿಣದ ಸಾಂತಾಂಜೆಲೊ ಇನ್ ಕೊಲ್ಲೆ ಸುತ್ತ ಬಿಸಿ ಜಾಸ್ತಿ, ಉತ್ತರದ ಮೊಂಟೊಸೊಲಿ ಕಡೆ ತಂಪು. ಹಳೆಯ ಬಳ್ಳಿಯ ಬೇರು ಆಳಕ್ಕಿರುವುದರಿಂದ ಬರಕ್ಕೆ ತಡೆಯುತ್ತದೆ. ಎಳೆಯ ತೋಟಗಳು ಮೊದಲು ಸೊರಗುತ್ತವೆ.

ಇನ್ನೊಂದು ಮಾತು, ರಿಸೆರ್ವಾ ಎಂಬ ಪದಕ್ಕೆ ಮರುಳಾಗಬೇಡಿ. ಬರೋಲೊಗೆ ಕನಿಷ್ಠ 38 ತಿಂಗಳು, ಅದರಲ್ಲಿ 18 ಮರದ ಪೀಪಾಯಿಯಲ್ಲಿ, ಎಂಬುದು ನಿಯಮ. ರಿಸೆರ್ವಾಗೆ 62 ತಿಂಗಳು. ಹುಳಿ ಕಡಿಮೆಯ ವೈನನ್ನು ಇನ್ನಷ್ಟು ಕಾಲ ಇಟ್ಟರೆ ಹಣ್ಣಿನ ರುಚಿಯೇ ಮೊದಲು ಸೋರುತ್ತದೆ. ಹೊಸ ಸಣ್ಣ ಪೀಪಾಯಿಯ ಮರದ ಟ್ಯಾನಿನ್ ಸೇರಿದರೆ ಒಣಗು ಇಮ್ಮಡಿ. ಹಳೆಯ ದೊಡ್ಡ ಪೀಪಾಯಿ ಬಳಸುವವರ ಸಾಮಾನ್ಯ ಬರೋಲೊ ಆರಿಸಿ. ಒಂದೇ ತೋಟದ ಹಣ್ಣಿನ ದುಬಾರಿ ಬಾಟಲಿ ಹೊರತರದ ವರ್ಷ ಆ ತೋಟದ ಹಣ್ಣು ಈ ಸಾಮಾನ್ಯ ಬರೋಲೊಗೇ ಸೇರುವುದುಂಟು.

ತಳಿಯನ್ನೇ ಬದಲಿಸುವುದು ಇನ್ನೂ ಜಾಣತನ. ಬಾರ್ಬೆರಾಗೆ ಹುಳಿ ಎಷ್ಟಿದೆಯೆಂದರೆ ಬಿಸಿಲು ಅದನ್ನು ಸರಿದೂಗಿಸುತ್ತದೆ, ಒಗರೂ ಕಡಿಮೆ. ಎಟ್ನಾ ಪರ್ವತದ 600ರಿಂದ 1000 ಮೀಟರ್ ಎತ್ತರದ ನೆರೆಲ್ಲೊ ಮಸ್ಕಾಲೆಸೆ, ಕಂಪಾನಿಯಾದಲ್ಲಿ ಅಕ್ಟೋಬರ್ ಕೊನೆಗೆ, ಕೆಲವೊಮ್ಮೆ ನವೆಂಬರ್‌ಗೆ ಕೊಯ್ಯುವ ತೌರಾಸಿಯ ಅಲಿಯಾನಿಕೊ, ಇವೂ ಹುಳಿ ಉಳಿಸಿಕೊಳ್ಳುತ್ತವೆ. ಬಿಸಿ ವರ್ಷ ಎಂದರೆ ನನ್ನ ಕೈ ಮೊದಲು ಹೋಗುವುದು ಒಳ್ಳೆಯ ಬಾರ್ಬೆರಾ ದಾಸ್ತಿ ಕಡೆಗೆ.

ಉತ್ತರ 1

ಸೆರಲುಂಗ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ಅಲ್ಲಿನ ಟ್ಯಾನಿನ್ ಯಾವ ವರ್ಷವೂ ಗಟ್ಟಿಯೇ, ಅದನ್ನು ಹಸಿ ಎಂದು ತಪ್ಪು ತಿಳಿಯುವುದು ಸುಲಭ. ಒಂದು ಬಾಟಲಿ ಈಗ ತೆರೆದು, ವಸಡಿನ ಪರೀಕ್ಷೆ ಮಾಡಿ, ಉಳಿದದ್ದನ್ನು ನಿರ್ಧರಿಸಿ.

ಆಲ್ಕೋಹಾಲ್ ಅಂಕಿಯ ಬಗ್ಗೆ ಯಾರೂ ಹೇಳಲಿಲ್ಲ. ಯುರೋಪಿನ ನಿಯಮದಂತೆ ಲೇಬಲ್ ಮೇಲಿನದು ಪೂರ್ಣ ಅಥವಾ ಅರ್ಧ ಅಂಕಿಯಲ್ಲಿರುತ್ತದೆ, ಅರ್ಧ ಅಂಕದಷ್ಟು ಹೆಚ್ಚುಕಡಿಮೆಗೆ ಅವಕಾಶವೂ ಇದೆ. ನಿಮ್ಮ 15, ನಿಜದಲ್ಲಿ 14.5 ಇರಬಹುದು, 15.5 ಕೂಡ ಇರಬಹುದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಒಂದು ಅಂಕ ಆಲ್ಕೋಹಾಲ್ ಆಗುತ್ತದೆ, ಅಂದರೆ ರಸದಲ್ಲಿ 255 ಗ್ರಾಂ ಆಸುಪಾಸು ಸಕ್ಕರೆ ಇತ್ತು. ಅಷ್ಟಾದಾಗ ಯೀಸ್ಟು ಕೊನೆಯಲ್ಲಿ ಸುಸ್ತಾಗಿ ಒಂದಿಷ್ಟು ಸಕ್ಕರೆ ಬಿಟ್ಟಿರಬಹುದು. ನಿಮಗೆ ತಾಗಿದ ಸಿಹಿಯಲ್ಲಿ ಅದರ ಪಾಲೂ ಇರಬಹುದು. ಮಿಕ್ಕ ಬ್ರುನೆಲ್ಲೊಗಳನ್ನು ಉಪ್ಪು, ಕೊಬ್ಬು ಇರುವ ಊಟದ ಜೊತೆ ತೆರೆಯಿರಿ: ಹಳೆಯ ಪಾರ್ಮಿಜಾನೊ ಚೀಸಿನ ಚೂರು, ಇಲ್ಲವೇ ನಿಧಾನ ಬೇಯಿಸಿದ ಮಾಂಸ. ಪ್ರೋಟೀನು ಟ್ಯಾನಿನನ್ನು ಹಿಡಿದುಕೊಳ್ಳುತ್ತದೆ, ವಸಡಿಗೆ ಬಿಡುವು ಸಿಗುತ್ತದೆ. ಖಾರ ಮಾತ್ರ ಬೇಡ, ಆಲ್ಕೋಹಾಲಿನ ಉರಿಯನ್ನು ಅದು ಹೆಚ್ಚಿಸುತ್ತದೆ.